ಮಗಳಿಗೊಂದು ಪತ್ರ: ಹೊಳೆಗೆ ಬಿಟ್ಟ ಹೋಳಿಗೆ

ಕೊಪ್ಪಳ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ನೀನು ಗೆಳತಿಯರ ಜೊತೆ ದಿಯುಗೆ ಹೊರಟಿದ್ದೀಯ ಅಂತ ನಿನ್ನವ್ವ ಹೇಳಿದಳು. ಫೋನಿನಲ್ಲಿ ಮಾತಾಡೋಣ ಅಂದುಕೊಂಡೆ, ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಪಡಸಾಲೆಯಲ್ಲಿ ಬಿಳಿ ಡ್ರೆಸ್ಸಿನ ಹುಡುಗನ ಫೋಟೋ ಇದೆಯಲ್ಲ, ನನ್ನ ಕಾಕಾ. ಅವನು ಹೋಗಿದ್ದು ಆ ದಿಯು ಕಡೆಯ ಸಮುದ್ರದಲ್ಲೇ, 1971ರ ಡಿಸೆಂಬರ್ 9ರ ರಾತ್ರಿ. ಖುಕ್ರಿ ಅನ್ನುವ ಯುದ್ಧನೌಕೆ. ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿ ನೀರೊಳಗಿಂದ ಟಾರ್ಪಿಡೊ ಹೊಡೆಯಿತು. ಕೆಲವೇ ನಿಮಿಷದಲ್ಲಿ ಮುಗಿದುಹೋಯಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಅವರಿಗೆ ಮಹಾವೀರ ಚಕ್ರ ಬಂತು. ನಮ್ಮ ಕಾಕಾನಿಗೆ 21 ವರ್ಷ.

ತಾರು ಬಂದಾಗ ಅಜ್ಜಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನನಗೆ ಹತ್ತು ವರ್ಷ. ಮಾಸ್ತರರು ಓದಿ ಹೇಳಿದರು. ಅಜ್ಜಿ ಕೇಳಿದ್ದು ಒಂದೇ ಮಾತು: "ಅವಗ ಈಸು ಬರತೈತಲ್ರೀ?"

ಬರುತ್ತಿತ್ತು. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಹುಲಿಗಿಯ ತುಂಗಭದ್ರಾ ಹೊಳೆಯಲ್ಲಿ ಕಲಿತವನು. ಭಕ್ತರು ಎಸೆದ ನಾಲ್ಕಾಣೆಯನ್ನು ತಳಕ್ಕೆ ಮುಳುಗಿ ಹಲ್ಲಲ್ಲಿ ಕಚ್ಚಿಕೊಂಡು ಮೇಲೆ ಬರುತ್ತಿದ್ದ. ಆದರೆ ಅವನ ಕೆಲಸ ಎಂಜಿನ್ ರೂಮಿನಲ್ಲಿ, ಹಡಗಿನ ಹೊಟ್ಟೆಯೊಳಗೆ. ಅಲ್ಲಿ ಈಸು ಬಂದರೇನು, ಬಿಟ್ಟರೇನು? ಇದು ನನಗೆ ತಿಳಿದಿದ್ದು ದೊಡ್ಡವನಾದ ಮೇಲೆ. ಅಜ್ಜಿಗೆ ಯಾರೂ ಹೇಳಲಿಲ್ಲ.

ಹೆಣ ನೋಡಿಲ್ಲ ಅಂತ ಮಾನವಮಿ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ಅವನ ಫೋಟೋ ಇಡಲು ಅಜ್ಜಿ ಬಿಡಲಿಲ್ಲ. ಆದರೆ ಹುಣ್ಣಿಮೆ ಬಂದರೆ ನನ್ನನ್ನು ಕರೆದುಕೊಂಡು ಹುಲಿಗಿಗೆ ಹೊರಡುವಳು. ಹುಲಿಗೆಮ್ಮನಿಗೆ ಕಾಯಿ ಒಡೆಸಿ, ಹೊಳೆಗಿಳಿದು, ಮುತ್ತುಗದ ಎಲೆಯ ಮೇಲೆ ಒಂದು ಶೇಂಗಾ ಹೋಳಿಗೆ ಇಟ್ಟು ಬಿಡುವಳು. ಎಲೆ ಸುತ್ತು ಹಾಕಿ, ಒದ್ದೆಯಾಗಿ, ಒಂದು ಮಗ್ಗುಲಿಗೆ ವಾಲುತ್ತಿತ್ತು. ಮುಳುಗುವ ತನಕ ಅಲ್ಲೇ ನಿಂತಿರುತ್ತಿದ್ದಳು.

ಏಳನೇ ಕ್ಲಾಸಿನಲ್ಲಿ ನಾನು ನಕಾಶೆ ನೋಡಲು ಕಲಿತೆ. ಜಾಣತನ ತೋರಿಸಬೇಕಲ್ವಾ? "ಅಜ್ಜಿ, ಈ ನೀರು ಕೃಷ್ಣಾಕ್ಕ ಕೂಡಿ ಬಂಗಾಳ ಕೊಲ್ಲಿಗೆ ಹೋಗತೈತಿ. ಕಾಕಾ ಇರೋದು ಅರಬ್ಬಿ ಸಮುದ್ರದಾಗ, ಆ ಕಡೆ. ನಿನ್ನ ಹೋಳಿಗಿ ಅವಗ ಮುಟ್ಟಂಗಿಲ್ಲ" ಅಂದೆ.

ಬೈಯಲಿಲ್ಲ. ಕೈಯಲ್ಲಿದ್ದ ಹೋಳಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಆಮೇಲೆ ಗುಡಿಗೆ ಹೋದಳೇ ಹೊರತು ಹೊಳೆಗೆ ಇಳಿಯಲಿಲ್ಲ. ಇದನ್ನು ನಿನ್ನವ್ವನಿಗೂ ನಾನು ಹೇಳಿಲ್ಲ.

ದಿಯುದಲ್ಲಿ ಖುಕ್ರಿ ಎಲ್ಲಿ ಅಂತ ಕೇಳಿದರೆ ದೊಡ್ಡ ಹಡಗೊಂದನ್ನು ತೋರಿಸಬಹುದು. ಅದು ಬೇರೆ. ಆಮೇಲೆ ಅದೇ ಹೆಸರಿಟ್ಟು ಕಟ್ಟಿದ್ದು, ನಿವೃತ್ತಿಯಾದ ಮೇಲೆ 2022ರಲ್ಲಿ ಅಲ್ಲಿಗೆ ಕೊಟ್ಟರು. ನೀನು ಹೋಗಬೇಕಾದ್ದು ಸಮುದ್ರಕ್ಕೆ ಮುಖ ಮಾಡಿರುವ ಸ್ಮಾರಕಕ್ಕೆ. ಗಾಜಿನ ಮನೆಯೊಳಗೆ ಹಳೆ ಹಡಗಿನ ಮಾದರಿ ಇದೆ.

ನಿನ್ನವ್ವ ನಾಳೆ ಶೇಂಗಾ ಹೋಳಿಗೆ ಮಾಡುತ್ತಾಳೆ. ಕೊರಿಯರ್ ಹಾಕುತ್ತೇನೆ, ಎಂಟು ದಿನ ಕೆಡುವುದಿಲ್ಲ. ಗೆಳತಿಯರಿಗೂ ಕೊಡು. ಒಂದನ್ನು ಮಾತ್ರ ಎತ್ತಿಟ್ಟುಕೊಂಡು ಅಲ್ಲಿಯ ನೀರಿಗೆ ಬಿಡು. ಫೋಟೋ, ವಿಡಿಯೋ ಬೇಡ. ದಂಡೆಯ ಬಂಡೆಗಳು ಜಾರುತ್ತವೆ, ಜಾಸ್ತಿ ಮುಂದೆ ಹೋಗಬೇಡ ನನ್ನವ್ವಾ. ನಿನಗೆ ಈಸು ಬರುವುದಿಲ್ಲ.

ನಿನ್ನ ಅಪ್ಪ