ಪಿಸಿ ಗೇಮಿನ ತಿಥಿ ಊಟಕ್ಕೆ ಇಷ್ಟು ಅವಸರ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಗೇಮಿಂಗ್ ಕುರಿತ ಲೇಖನ ಓದಿದೆ. ಪಿಸಿಯಲ್ಲಿ ಗೇಮ್ ಆಡುವ ಕಾಲ ಮುಗಿಯಿತು, ಇನ್ನೇನಿದ್ದರೂ ಟಿವಿಗೆ ಜೋಡಿಸುವ ಕನ್ಸೋಲ್, ಇಲ್ಲವೇ ಮೊಬೈಲ್ ಎನ್ನುವುದು ಲೇಖಕರ ತೀರ್ಮಾನ. ಅದಕ್ಕೆ ಅವರು ಕೊಟ್ಟ ದೊಡ್ಡ ಸಾಕ್ಷಿ, ಮಾಲ್‌ಗಳಲ್ಲಿ ಈಗ ಪಿಸಿ ಗೇಮಿನ ಡಬ್ಬಿಗಳೇ ಕಾಣುವುದಿಲ್ಲ ಎಂಬುದು. ನಾನು ದುರ್ಗಿಗುಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಅದಕ್ಕೂ ಮೊದಲು ಇದೇ ಮಳಿಗೆಯಲ್ಲಿ ಸೈಬರ್ ಕೆಫೆ ನಡೆಸುತ್ತಿದ್ದೆ. ಪಿಸಿ ಗೇಮ್ ಸಾಯುತ್ತಿದೆ ಎಂಬ ಮಾತನ್ನು ಆಗಿನಿಂದಲೂ ಕೇಳುತ್ತಿದ್ದೇನೆ. ಹಾಗೆ ಬರೆಯುತ್ತಿದ್ದ ಕಂಪ್ಯೂಟರ್ ಮಾಸಪತ್ರಿಕೆಗಳಲ್ಲಿ ಕೆಲವು ಈಗ ಸ್ಟಾಲಿಗೆ ಬರುವುದೇ ಇಲ್ಲ.

ಡಬ್ಬಿ ಕಾಣದಿರುವುದು ನಿಜ. ಆದರೆ ಅದು ವ್ಯಾಪಾರ ನಿಂತಿದ್ದಕ್ಕೆ ಆದದ್ದಲ್ಲ. ಅಮೆರಿಕದ ವಾಲ್ವ್ ಕಂಪನಿ 2003ರ ಸೆಪ್ಟೆಂಬರಿನಲ್ಲಿ, ಪಿಸಿ ಗೇಮನ್ನು ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳುವ ಸ್ಟೀಮ್ ಎಂಬ ವ್ಯವಸ್ಥೆ ಶುರು ಮಾಡಿತು. ಮರುವರ್ಷ ನವೆಂಬರಿನಲ್ಲಿ ಹಾಫ್ ಲೈಫ್ 2 ಎಂಬ ತನ್ನ ಆಟ ಬಿಟ್ಟಾಗ, ಅಂಗಡಿಯಲ್ಲಿ ಡಿಸ್ಕ್ ಕೊಂಡವರೂ ಸ್ಟೀಮ್ ಖಾತೆ ತೆರೆದು ಇಂಟರ್ನೆಟ್ಟಿಗೆ ಹೋಗಿಯೇ ಆಡಬೇಕು ಎಂದು ಕಟ್ಟಳೆ ಹಾಕಿತು. ನಮ್ಮಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಎಂಬ ಬ್ರಾಡ್‌ಬ್ಯಾಂಡ್ ಶುರುವಾದದ್ದೇ 2005ರಲ್ಲಿ. ಡಯಲ್-ಅಪ್ಪಿನ ಕೀಂ ಕೀಂ ಸದ್ದು ಕೇಳುತ್ತ ಕೂತವರಿಗೆ ಇದೊಂದು ದೊಡ್ಡ ಕಿರಿಕಿರಿ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಕಿರಿಕಿರಿಯೇ ಮುಂದೆ ಪಿಸಿ ಗೇಮ್ ಮಾರುವ ಅಂಗಡಿಯಾಯಿತು. 2025ರ ಮಾರ್ಚಿನಲ್ಲಿ ಒಂದೇ ಹೊತ್ತಿಗೆ ಸ್ಟೀಮಿನಲ್ಲಿ ಲಾಗಿನ್ ಆಗಿದ್ದವರ ಸಂಖ್ಯೆ 4 ಕೋಟಿ ದಾಟಿತು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕವೇ 6.1 ಕೋಟಿ. ಆ 4 ಕೋಟಿಯಲ್ಲಿ ಎಲ್ಲರೂ ಆಗ ಆಡುತ್ತಿರಲಿಲ್ಲ ಎಂದು ಲೇಖಕರು ತಕರಾರು ತೆಗೆದರೆ ಒಪ್ಪುತ್ತೇನೆ. ಸತ್ತವರ ಮನೆಯಲ್ಲಿ ಇಷ್ಟೊಂದು ಜನ ಸೇರುವುದಿಲ್ಲ ಅಂತ ಮಾತ್ರ ಹೇಳುತ್ತೇನೆ.

ದುಡ್ಡಿನ ವಿಷಯ ಹೇಳಬೇಕು, ಲೇಖನದಲ್ಲಿ ಅದೇ ತೆಳುವಾಗಿದೆ. ನನ್ನ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಇದ್ದ ಕಾಲದಲ್ಲಿ ಎಲ್ಲ ಮಷಿನಿನಲ್ಲೂ ಪ್ರಾಜೆಕ್ಟ್ ಐಜಿಐ, ವೈಸ್ ಸಿಟಿ, ಕೌಂಟರ್ ಸ್ಟ್ರೈಕ್. ಎಲ್ಲವೂ ಮೆಜೆಸ್ಟಿಕ್ ಕಡೆಯಿಂದ ಬಂದ, ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದ ಕಳ್ಳ ಸಿ.ಡಿ.ಗಳು. ಐಜಿಐನಲ್ಲಿ ಮಿಷನ್ ನಡುವೆ ಸೇವ್ ಮಾಡುವ ಸೌಲಭ್ಯ ಇರಲಿಲ್ಲ. ಆಷಾಢದ ಮಳೆಗೆ ಕರೆಂಟು ಹೋಯಿತೋ, ಅರ್ಧ ಗಂಟೆ ತೆವಳಿಕೊಂಡು ರಷ್ಯನ್ ಕ್ಯಾಂಪಿನ ತನಕ ಹೋಗಿದ್ದ ಹುಡುಗ ಮತ್ತೆ ಮೊದಲಿಂದ ಶುರು ಮಾಡಬೇಕು. "ಅಣ್ಣ, ಈ ಅರ್ಧ ಗಂಟೆ ದುಡ್ಡು ಬಿಡಿ" ಅನ್ನುವ ಪಂಚಾಯಿತಿ ಮಳೆಗಾಲ ಪೂರ್ತಿ. ಆ ಆಟ ಮಾಡಿದ್ದು ನಾರ್ವೆಯ ಇನ್ನರ್‌ಲೂಪ್ ಎಂಬ ಸಣ್ಣ ಕಂಪನಿ, 2000ರಲ್ಲಿ. ಶಿವಮೊಗ್ಗದ ಒಂದು ತಲೆಮಾರೇ ಆಡಿದ ಆಟಕ್ಕೆ ಇಲ್ಲಿಂದ ಅವರಿಗೆ ಒಂದು ರೂಪಾಯಿ ಹೋಗಿದ್ದರೆ ಅದು ಪವಾಡ. 2003ರಲ್ಲಿ ಆ ಕಂಪನಿ ಬಾಗಿಲು ಹಾಕಿತು.

ಆಗ ಪಿಸಿ ಗೇಮಿಗೆ ಭವಿಷ್ಯ ಇಲ್ಲ ಎಂದವರ ವಾದಕ್ಕೆ ತಳವಿತ್ತು. ಕದ್ದು ಆಡುವವರನ್ನು ನಂಬಿ ಯಾರು ಆಟ ಮಾಡುತ್ತಾರೆ? ಆಮೇಲೆ ನಡೆದದ್ದನ್ನು ನಾನು ಕೌಂಟರಿನ ಹಿಂದಿನಿಂದ ನೋಡಿದ್ದೇನೆ. 2015ರ ನವೆಂಬರಿನಲ್ಲಿ ಸ್ಟೀಮ್ ರೂಪಾಯಿ ಲೆಕ್ಕದಲ್ಲಿ ಬೆಲೆ ಹಾಕತೊಡಗಿತು. ಅದೂ ಡಾಲರನ್ನು ಹಾಗೇ ಗುಣಿಸಿದ ಬೆಲೆಯಲ್ಲ, ಎಷ್ಟೋ ಆಟಗಳಿಗೆ ನಮ್ಮ ಜೇಬು ನೋಡಿ ಇಟ್ಟ ಬೆಲೆ. ಬೇಸಗೆಯ ಸೇಲ್, ಚಳಿಗಾಲದ ಸೇಲ್ ಬಂದರೆ ಹಳೆಯ ದೊಡ್ಡ ಆಟಗಳು ಇನ್ನೂರು ಮುನ್ನೂರಕ್ಕೆ. ಜಿಯೋ ಬಂತು, ಫೈಬರ್ ಬಂತು, ಕ್ರೆಡಿಟ್ ಕಾರ್ಡ್ ಇಲ್ಲದ ಹುಡುಗರಿಗೆ ಯುಪಿಐ ಬಂತು. ಕದ್ದ ಆಟ ಓಡಿಸುವ ಕ್ರ್ಯಾಕ್ ಹುಡುಕಿ ವೈರಸ್ ಹತ್ತಿಸಿಕೊಂಡು ನನ್ನ ಹತ್ತಿರ ಫಾರ್ಮ್ಯಾಟ್ ಮಾಡಿಸಿಕೊಳ್ಳುವ ಖರ್ಚಿಗಿಂತ ಆಟ ಕೊಳ್ಳುವುದೇ ಅಗ್ಗ ಅನ್ನುವ ದಿನ ಬಂದದ್ದು ಹೀಗೆ. ನನ್ನ ಫಾರ್ಮ್ಯಾಟ್ ವ್ಯಾಪಾರ ಬಿದ್ದುಹೋಯಿತು, ಅದು ಬೇರೆ ಮಾತು. ಅಂದು ಅರ್ಧ ಗಂಟೆಯ ದುಡ್ಡಿಗೆ ಜಗಳ ಕಾಯುತ್ತಿದ್ದವರು ಇಂದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಸ್ಟೀಮಿನ ಲೈಬ್ರರಿ ತೆರೆದು ತೋರಿಸುತ್ತಾರೆ. ಕೊಂಡು ಇನ್ನೂ ಡೌನ್‌ಲೋಡೇ ಮಾಡದ ಆಟಗಳು ಸಾಲು ಸಾಲು. ಅಷ್ಟು ಆರೋಗ್ಯವಾಗಿದೆ ಪಿಸಿ ವ್ಯಾಪಾರ, ಆಡದೇ ಇದ್ದರೂ ಕೊಳ್ಳುತ್ತಾರೆ!

ಇನ್ನು ಆಯುಸ್ಸು. ಏಜ್ ಆಫ್ ಎಂಪೈರ್ಸ್ 2 ಎಂಬ ಸಾಮ್ರಾಜ್ಯ ಕಟ್ಟುವ ಪಿಸಿ ಆಟ ಬಂದದ್ದು 1999ರಲ್ಲಿ. ಆಗ ಮೀಸೆ ಬಾರದವರಿಗೆ ಈಗ ತಲೆ ನರೆತಿದೆ. ಅದೇ ಆಟ 2013ರಲ್ಲಿ ಎಚ್‌ಡಿ ಆಗಿ, 2019ರಲ್ಲಿ ಡೆಫಿನಿಟಿವ್ ಎಡಿಷನ್ ಆಗಿ ಮತ್ತೆ ಮಾರಾಟವಾಯಿತು. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೊಸ ಭಾಗ ಬಂದು ಬಂಗಾಳಿಗಳು, ಗುರ್ಜರರು, ದ್ರಾವಿಡರು ಸೇರಿಕೊಂಡರು. ದ್ರಾವಿಡರ ಪಾಲಿನ ಕಥೆ ರಾಜೇಂದ್ರ ಚೋಳನದು. ನಮ್ಮ ಇಮ್ಮಡಿ ಪುಲಿಕೇಶಿಯನ್ನು ಬಿಟ್ಟದ್ದಕ್ಕೆ ನನ್ನದೊಂದು ಆಕ್ಷೇಪ ಇದೆ, ಇರಲಿ. 1999ರಲ್ಲಿ ಹುಟ್ಟಿದ ಆಟಕ್ಕೆ ಇಪ್ಪತ್ಮೂರು ವರ್ಷದ ಮೇಲೆ ದುಡ್ಡು ಕೊಟ್ಟು ಹೊಸ ಭಾಗ ಕೊಳ್ಳುವ ಗಿರಾಕಿ ಇದ್ದಾನೆ ಅಂದರೆ, ಆ ಗಿರಾಕಿಯ ಮಷಿನ್ ನಡುವೆ ನಾಲ್ಕೈದು ಸಲ ಬದಲಾದರೂ ಆಟ ಅವನ ಹಿಂದೆಯೇ ಬಂತು ಎಂದು ಅರ್ಥ.

ಕನ್ಸೋಲಿನಲ್ಲಿ ಹಾಗಲ್ಲ. ಸೋನಿಯ ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಮೀರಿ ಮಾರಾಟವಾದ ಪೆಟ್ಟಿಗೆ, ಅದರ ಮೇಲೆ ನನಗೂ ಗೌರವವಿದೆ. ಆದರೆ ಆ ಡಿಸ್ಕನ್ನು ಪ್ಲೇಸ್ಟೇಷನ್ 4ಕ್ಕೆ ಹಾಕಿದರೆ ಅದು ಬರಿ ಹೊಳೆಯುವ ತಟ್ಟೆ. ನಿಂಟೆಂಡೋ 2023ರ ಮಾರ್ಚಿನಲ್ಲಿ ತನ್ನ ವೀ ಯು, 3ಡಿಎಸ್ ಎಂಬ ಎರಡು ಯಂತ್ರಗಳ ಆನ್‌ಲೈನ್ ಅಂಗಡಿಯನ್ನೂ ಮುಚ್ಚಿತು. ಮೈಕ್ರೋಸಾಫ್ಟ್ 2024ರ ಜುಲೈಯಲ್ಲಿ ತನ್ನ ಕನ್ಸೋಲ್ ಎಕ್ಸ್‌ಬಾಕ್ಸ್ 360ರದ್ದನ್ನು ಮುಚ್ಚಿತು. ಸೋನಿ 2021ರಲ್ಲಿ ಪ್ಲೇಸ್ಟೇಷನ್ 3ರ (ಪಿಎಸ್ 3) ಅಂಗಡಿ ಮುಚ್ಚುತ್ತೇವೆ ಎಂದು ಹೇಳಿ, ಜನ ರೇಗಿದ ಮೇಲೆ ಹಿಂದೆ ಸರಿಯಿತು. ಮುಚ್ಚಿದ ಅಂಗಡಿಗಳಲ್ಲಿ ಮೊದಲು ಕೊಂಡವರು ಹಳೆಯ ಆಟಗಳನ್ನು ಮತ್ತೆ ಇಳಿಸಿಕೊಳ್ಳಬಹುದು, ನಿಜ. ಹೊಸದಾಗಿ ಕೊಳ್ಳುವಂತಿಲ್ಲ. ಅಲ್ಲಿಗೆ ಆ ಪೆಟ್ಟಿಗೆಯ ವ್ಯಾಪಾರದ ಆಯುಸ್ಸು ಮುಗಿಯಿತು. ಪೆಟ್ಟಿಗೆ ಮಾಡಿದವನೇ ಅಂಗಡಿಯ ಮಾಲೀಕ, ಬೀಗದ ಕೈ ಅವನ ಸೊಂಟದಲ್ಲಿ.

ಲೇಖಕರು ಬಿಟ್ಟ ಇನ್ನೊಂದು ಸಂಗತಿ ಇದೆ. ಪಿಸಿ ಸತ್ತಿದ್ದರೆ ಸೋನಿಯಂಥ ಸೋನಿ ತನ್ನ ಮನೆಯ ಆಟಗಳನ್ನು ಅಲ್ಲಿಗೆ ತಂದು ಯಾಕೆ ಮಾರುತ್ತಿತ್ತು? ಹೊರೈಜನ್ ಜೀರೋ ಡಾನ್ 2020ರಲ್ಲಿ ಪಿಸಿಗೆ ಬಂತು, ಗಾಡ್ ಆಫ್ ವಾರ್ 2022ರಲ್ಲಿ. ಹೆಲ್‌ಡೈವರ್ಸ್ 2 ಅಂತೂ 2024ರ ಫೆಬ್ರವರಿಯಲ್ಲಿ ಎರಡೂ ಕಡೆ ಒಂದೇ ದಿನ. ಕನ್ಸೋಲಿನ ಲೆಕ್ಕಾಚಾರವೇ ಪೆಟ್ಟಿಗೆಯನ್ನು ಅಸಲಿಗೋ ನಷ್ಟಕ್ಕೋ ಕೊಟ್ಟು, ಆಟದಲ್ಲಿ, ತಿಂಗಳ ಚಂದಾದಲ್ಲಿ ದುಡ್ಡು ಎತ್ತುವುದು. ಇಂಟರ್ನೆಟ್ಟಿನಲ್ಲಿ ನಾಲ್ಕು ಜನರ ಜೊತೆ ಆಡಲು ದುಡ್ಡು ಕೊಟ್ಟು ಕೊಂಡ ಆಟಗಳಿಗೂ ಅಲ್ಲಿ ಚಂದಾ ಕಟ್ಟಬೇಕು, ಪಿಸಿಯಲ್ಲಿ ಬೇಡ. ಹಿಂದೆಲ್ಲ ಎರಡು ಮೂರು ವರ್ಷ ಕಾದರೆ ಪೆಟ್ಟಿಗೆ ಅಗ್ಗವಾಗುತ್ತಿತ್ತು. ಪಿಎಸ್ 5 ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದದ್ದು, ಮುಂದೆ 54,990 ಆಯಿತು. ಹೊಸ ದೊಡ್ಡ ಆಟ ಒಂದಕ್ಕೆ 4,999. ಅಡಿಕೆ ರೇಟು ಏರಿದ ವರ್ಷ ಸರಿ.

ಈಗ ನನ್ನ ಬೆಂಚಿಗೆ ಬನ್ನಿ. ಭರಣಿ ಮಳೆಯ ಗುಡುಗು ಸಿಡಿಲು ಶುರುವಾಯಿತೆಂದರೆ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಸುಟ್ಟ ಸಾಮಾನು ಬರುವುದು ವಾಡಿಕೆ. ಹೋದ ಬೇಸಗೆ ಒಂದೇ ಮನೆಯಿಂದ ಎರಡು ಬಂದವು, ಅಣ್ಣನ ಪಿಸಿ ಮತ್ತು ತಮ್ಮನ ಕನ್ಸೋಲ್. ಇಂಟರ್ನೆಟ್ ವಯರಿನಲ್ಲಿ ಬಂದ ಸಿಡಿಲು ಪಿಸಿಯ ಲ್ಯಾನ್ ಪೋರ್ಟನ್ನು ಕಪ್ಪು ಮಾಡಿತ್ತು. ಬೋರ್ಡಿನಲ್ಲಿ ಉಳಿದದ್ದೆಲ್ಲ ಜೀವಂತ. ನಾನೂರು ರೂಪಾಯಿಯ ಲ್ಯಾನ್ ಕಾರ್ಡೊಂದನ್ನು ಖಾಲಿ ಸ್ಲಾಟಿಗೆ ಸಿಕ್ಕಿಸಿ, ಕಿಲುಬು ಹಿಡಿದಿದ್ದ ರ‍್ಯಾಮಿನ ಕಾಲನ್ನು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ, ಒಳಗೆ ಗೂಡು ಕಟ್ಟಿದ್ದ ಇರುವೆಗಳನ್ನು ಬ್ಲೋವರಿನಲ್ಲಿ ಓಡಿಸಿ, ಮಧ್ಯಾಹ್ನದೊಳಗೆ ಕೊಟ್ಟು ಕಳಿಸಿದೆ. ಕನ್ಸೋಲಿನಲ್ಲಿ ಟಿವಿಗೆ ಜೋಡಿಸುವ ಎಚ್‌ಡಿಎಂಐ ಪೋರ್ಟಿನ ಹಿಂದಿನ ಒಂದು ಚಿಪ್ಪು ಹೋಗಿತ್ತು, ಉಗುರಿಗಿಂತ ಚಿಕ್ಕದು. ಬಿಡಿಭಾಗ ನಮಗೆ ಸಿಗುವುದಿಲ್ಲ. ಕಂಪನಿಯ ಸರ್ವಿಸಿನವರು ಬಿಚ್ಚಿ ನೋಡಿ, ಸಿಡಿಲಿಗೆ ವಾರಂಟಿ ಇಲ್ಲ, ಇಡೀ ಬೋರ್ಡೇ ಬದಲಿಸಬೇಕು ಎಂದರು. ಹೇಳಿದ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತಿತ್ತು. ಪಿಸಿ ಎಂದರೆ ನಮ್ಮ ಹಂಚಿನ ಮನೆ ಇದ್ದ ಹಾಗೆ, ಒಡೆದ ಹಂಚು ಮಾತ್ರ ತೆಗೆದು ಬೇರೆ ಹಾಕಬಹುದು. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಬೋರ್ಡನ್ನು 2017ರಲ್ಲಿ ಕೊಂಡವರು ಎಷ್ಟೋ ಜನ 2022ರಲ್ಲಿ ಬಂದ ಪ್ರೊಸೆಸರನ್ನು ಅದಕ್ಕೇ ಕೂರಿಸಿಕೊಂಡರು, ಬೋರ್ಡಿನೊಳಗಿನ ಸಾಫ್ಟ್‌ವೇರಾದ ಬಯೋಸ್ ಅಪ್‌ಡೇಟ್ ಒಂದು ಮಾಡಿದರೆ ಆಯಿತು.

ಮಲೆನಾಡಿನಲ್ಲಿ ಪಿಸಿ ಗೇಮ್ ಉಳಿದಿರುವ ಅಸಲು ಕಾರಣವೂ ಬೇರೆ. ಐವತ್ತು ಸಾವಿರ ಕೊಟ್ಟು ಆಟದ ಪೆಟ್ಟಿಗೆ ತರಲು ಯಾವ ಅಪ್ಪ ಒಪ್ಪುತ್ತಾನೆ? ಪಿಸಿ ಮನೆಗೆ ಬರುವುದು ಓದಿನ ಹೆಸರಿನಲ್ಲಿ. ಪಿಯುಸಿ ರಿಸಲ್ಟ್ ಬಂದ ವಾರ ಅಪ್ಪ ಮಗ ಇಬ್ಬರೂ ಬರುತ್ತಾರೆ. ಮಗ ನನ್ನ ಮುಖ ನೋಡುತ್ತ, "ಇಂಜಿನಿಯರಿಂಗಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಂತೆ ಅಪ್ಪಾ" ಅನ್ನುತ್ತಾನೆ. "ಹೌದೇನ್ರೀ? ಇದು ಓದೋದಕ್ಕೋ, ಆಡೋದಕ್ಕೋ?" ಎಂದು ಅಪ್ಪ. "ಎರಡಕ್ಕೂ ಆಗ್ತದೆ ಗೌಡ್ರೇ" ಎಂದು ನಾನು. ನಾನು ಹೇಳುವುದು ಸುಳ್ಳೇನಲ್ಲ. ಹಗಲು ಅದರಲ್ಲಿ ಆಟೋಕ್ಯಾಡ್, ಅಡಿಕೆ ಮಂಡಿಯ ಲೆಕ್ಕ, ಅಮ್ಮನ ಸ್ವಸಹಾಯ ಸಂಘದ ಪಟ್ಟಿ. ರಾತ್ರಿ ವ್ಯಾಲರಂಟ್ ಆಟ. ಆಟದ ವ್ಯಾಪಾರ ಬಿದ್ದರೂ ಈ ಮಷಿನ್ ಮನೆಯಲ್ಲಿ ಇರುತ್ತದೆ, ಆದ್ದರಿಂದ ಆಟ ಮಾರುವವನಿಗೆ ಗಿರಾಕಿ ಇದ್ದೇ ಇರುತ್ತಾನೆ. ಸೆಗಾ 2001ರಲ್ಲಿ ಡ್ರೀಮ್‌ಕಾಸ್ಟ್ ಕೈಬಿಟ್ಟು ಕನ್ಸೋಲ್ ಮಾಡುವುದನ್ನೇ ನಿಲ್ಲಿಸಿದ ಹಾಗೆ ಪಿಸಿಯನ್ನು ಯಾರೋ ಒಬ್ಬರು ನಿಲ್ಲಿಸಲು ಬರುವುದಿಲ್ಲ, ಅದಕ್ಕೆ ಒಬ್ಬ ಯಜಮಾನ ಇಲ್ಲ.

ಹಾಗಂತ ಕನ್ಸೋಲ್ ಕೊಂಡವರು ಮೋಸ ಹೋದರು ಅನ್ನುವ ಅಭಿಪ್ರಾಯ ನನ್ನದಲ್ಲ. ಪಿಎಸ್ 5 ತೋರಿಸುವ ಚಿತ್ರವನ್ನು ಅದೇ ದುಡ್ಡಿನ ಹೊಸ ಪಿಸಿಯಲ್ಲಿ ತೋರಿಸು ಎಂದರೆ ನಾನು ಕೈ ಎತ್ತುತ್ತೇನೆ. ಸೋಫಾದಲ್ಲಿ ಕೂತು ಬಟನ್ ಒತ್ತಿದರೆ ಆಟ ಶುರು, ಡ್ರೈವರ್ ಅಪ್‌ಡೇಟಿನ ರಗಳೆ ಇಲ್ಲ. ಪಿಸಿಯ ಕಡೆಯೂ ಎಲ್ಲ ಸರಿ ಇಲ್ಲ. ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ದಿ ಕ್ರೂ ಎಂಬ ಆನ್‌ಲೈನ್ ಆಟದ ಸರ್ವರ್ ಬಂದ್ ಮಾಡಿದಾಗ ಪಿಸಿ, ಕನ್ಸೋಲ್ ಎರಡರ ಗಿರಾಕಿಗೂ ಒಂದೇ ಗತಿ. ಸ್ಟೀಮಿನಲ್ಲಿ ಕೊಳ್ಳುವುದು ಕೂಡ ಆಟವನ್ನಲ್ಲ, ಆಡುವ ಪರವಾನಗಿಯನ್ನು. ಪೇಮೆಂಟ್ ಪುಟದಲ್ಲಿ ಈಗ ಅವರೇ ಹಾಗೆಂದು ಬರೆಯುತ್ತಾರೆ. ಅದು ಚುಚ್ಚುವವರಿಗೆ 2008ರಿಂದ ಜಿಓಜಿ ಎಂಬ ಆನ್‌ಲೈನ್ ಅಂಗಡಿ ಇದೆ. ಅಲ್ಲಿ ಕೊಂಡ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ ಇಟ್ಟುಕೊಳ್ಳಬಹುದು. ನಮ್ಮ ಕಡೆಯ ತೇವಕ್ಕೆ ಪೆನ್‌ಡ್ರೈವ್ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಬೇಡಿ.

ಪಿಸಿ ಗೇಮಿಗೆ ನಿಜವಾದ ಕುತ್ತು ಯಾವುದೆಂದು ಲೇಖಕರು ನನ್ನನ್ನು ಕೇಳಿದ್ದರೆ ಕನ್ಸೋಲನ್ನು ತೋರಿಸುತ್ತಿರಲಿಲ್ಲ, ರ‍್ಯಾಮಿನ ಬೆಲೆ ತೋರಿಸುತ್ತಿದ್ದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರಿನವರು ರ‍್ಯಾಮಿಗೆ ಬೇಕಾದ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದಾರೆ. ಮೈಕ್ರಾನ್ ಕಂಪನಿ ಡಿಸೆಂಬರಿನಲ್ಲಿ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುವ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಬೆಳಿಗ್ಗೆ ಹೇಳಿದ ರೇಟನ್ನು ಸಂಜೆ ಹೇಳಲು ಡೀಲರ್ ಒಪ್ಪದ ಪರಿಸ್ಥಿತಿಯನ್ನು ನಾನು 2021ರ ಗ್ರಾಫಿಕ್ಸ್ ಕಾರ್ಡ್ ಬರಗಾಲದಲ್ಲಿ ನೋಡಿದ್ದೆ, ಈಗ ಮತ್ತೆ ನೋಡುತ್ತಿದ್ದೇನೆ. ಕನ್ಸೋಲಿನ ಒಳಗೂ ಇರುವುದು ಇದೇ ಮೆಮೊರಿ, ಅವರೂ ತಪ್ಪಿಸಿಕೊಳ್ಳುವುದಿಲ್ಲ. ನಿಮ್ಮ ಪುರವಣಿ ಮುಂದಿನ ಸಲ ಈ ವಿಷಯ ಎತ್ತಿಕೊಂಡರೆ ಓದುಗರಿಗೆ ಉಪಕಾರವಾಗುತ್ತದೆ. ಅಷ್ಟರೊಳಗೆ ಮಕ್ಕಳಿಗೆ ಪಿಸಿ ಕೊಡಿಸಲೇಬೇಕಾದವರು ರ‍್ಯಾಮಿಗೆ ನಾಲ್ಕು ಸ್ಲಾಟ್ ಇರುವ ಬೋರ್ಡ್ ಕೇಳಿ, ಸದ್ಯಕ್ಕೆ ಎರಡನ್ನು ಮಾತ್ರ ತುಂಬಿಸಿ. ಯುಪಿಎಸ್ ತಗೊಳ್ಳಿ. ಗುಡುಗು ಶುರುವಾಗುವ ಮೊದಲೇ ಕರೆಂಟಿನ ಪ್ಲಗ್ ಜೊತೆಗೆ ಇಂಟರ್ನೆಟ್ ವಯರನ್ನೂ ಕಿತ್ತಿಡಿ.

ಇಂತಿ,
ಒಬ್ಬ ಕಂಪ್ಯೂಟರ್ ರಿಪೇರಿಯವ
ದುರ್ಗಿಗುಡಿ, ಶಿವಮೊಗ್ಗ