ಮಳೆ ಅಳೆಯೋ ಬಾಟಲಿಯಿಂದ ಶುರು ಮಾಡು

ತೀರ್ಥಹಳ್ಳಿ ತಾಲೂಕು
ಆರಿದ್ರಾ ಮಳೆ ಹಿಡಿದ ಎರಡನೇ ದಿನ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಅರ್ಧ ಕೇಳಿಸಿತು, ಉಳಿದರ್ಧ ಮಳೆಗೆ ಹೋಯಿತು. ಮಹಡಿ ಹತ್ತಿದರೂ ಟವರ್ ಸಿಗಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಗೆ ಶುರು ಮಾಡಲಿ ಅಂತ ತಾನೇ ಕೇಳಿದ್ದು? ಒಳ್ಳೆಯದಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರು ಬೀಜಗಣಿತಕ್ಕೆ ಹೆದರುತ್ತಾರೆ, ಪ್ರಮೇಯಗಳಿಗೆ ಹೆದರುತ್ತಾರೆ. ಈ ಪಾಠಕ್ಕೆ ಯಾರೂ ಹೆದರುವುದಿಲ್ಲ. ಕೂಡಿಸು, ಭಾಗಿಸು, ಮುಗೀತು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಹತ್ತು ವರ್ಷ ಈ ಪಾಠವನ್ನು ಸೂತ್ರ ಬರೆಸಿ, ಲೆಕ್ಕ ಮಾಡಿಸಿ ಮುಗಿಸಿದೆ. ಮಕ್ಕಳಿಗೆ ಅಂಕ ಬಂತು. ಬಂದಿದ್ದು ಅಷ್ಟೇ.

ಪುಸ್ತಕದಲ್ಲಿ ಈ ಪಾಠ ಕೊನೆಯ ಕಡೆ ಇರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಪರೀಕ್ಷೆ ತಲೆ ಮೇಲೆ ಇರುತ್ತದೆ. ಕೋಷ್ಟಕವನ್ನು ಪುಸ್ತಕವೇ ಕೊಟ್ಟಿರುತ್ತದೆ. ಯಾರೋ ಯಾವಾಗಲೋ ಎಣಿಸಿದ ಅಂಕಿ ಅದು. ಮಕ್ಕಳಿಗೆ ಅದರ ಮೇಲೆ ಪ್ರೀತಿಯೂ ಇಲ್ಲ, ಅನುಮಾನವೂ ಇಲ್ಲ. ನೀನು ಹಾಗೆ ಮಾಡಬೇಡ. ಪಾಠ ಫೆಬ್ರವರಿಗೆ ಬರಲಿ, ಅಂಕಿ ಕೂಡಿಹಾಕುವ ಕೆಲಸ ಈ ವಾರವೇ ಶುರುವಾಗಲಿ. ಮಳೆ ಈಗ ಇದೆಯಲ್ಲ!

ನೇರ ಗೋಡೆಯ ಒಂದು ಪ್ಲಾಸ್ಟಿಕ್ ಬಾಟಲಿ ತಗೋ. ಮೇಲಿನ ಭಾಗ ಕತ್ತರಿಸಿ ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸು. ತಳ ಗುಂಡಿ ಗುಂಡಿ ಇದ್ದರೆ ಸಣ್ಣ ಕಲ್ಲು ತುಂಬಿ, ಮಟ್ಟ ಬರುವಷ್ಟು ನೀರು ಹಾಕು. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸು. ಮಾಡಿನ ಹನಿ ಬೀಳದ, ಮರದ ಕೆಳಗಲ್ಲದ ಜಾಗದಲ್ಲಿ ಇಡಬೇಕು. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು, ಮಳೆ ನೀರನ್ನು ಸೊನ್ನೆಯವರೆಗೆ ಚೆಲ್ಲಬೇಕು. ಹವಾಮಾನ ಇಲಾಖೆಯವರ ದಿನದ ಲೆಕ್ಕ ಮುಗಿಯುವುದೂ ಎಂಟೂವರೆಗೇ. ನಮ್ಮ ಅಂಕಿಯನ್ನು ಅವರ ಅಂಕಿಯ ಪಕ್ಕ ಇಡಬೇಕಾದರೆ ಹೊತ್ತು ಒಂದೇ ಇರಬೇಕು ಅಲ್ವಾ?

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. 100 ಮಿ.ಮೀ. ಮಳೆಗೆ ಒಂದು ಎಕರೆ ತೋಟದ ಮೇಲೆ ನಾಲ್ಕು ಲಕ್ಷ ಲೀಟರ್ ದಾಟುತ್ತದೆ. ನಾನು ಮೊದಲ ಸಲ ಇದನ್ನು ಬೋರ್ಡ್ ಮೇಲೆ ಬರೆದಾಗ ಕೊನೆ ಬೆಂಚಿನವರೂ ತಲೆ ಎತ್ತಿದ್ದರು.

ಒಬ್ಬರ ಮನೆಯ ಬಾಟಲಿಗೂ ಇನ್ನೊಬ್ಬರ ಬಾಟಲಿಗೂ ಅಂಕಿ ತಾಳೆಯಾಗುವುದಿಲ್ಲ. ಆಗ ಜಗಳ ಶುರುವಾಗುತ್ತದೆ. "ನಿಂದು ತಪ್ಪು", "ನಿಮ್ಮನೆ ಹಿಂದೆ ಹಲಸಿನ ಮರ ಇದೆ". ಆಗಲಿ ಬಿಡು. ನನ್ನ ಮಟ್ಟಿಗೆ ಪಾಠ ಶುರುವಾಗುವುದೇ ಅಲ್ಲಿ. ಸೂತ್ರಕ್ಕಿಂತ ಮೊದಲು ಜಗಳ ಬರಬೇಕು. ಇಷ್ಟೊಂದು ಅಂಕಿ ಇವೆ, ಎಲ್ಲದರ ಪರವಾಗಿ ಒಂದೇ ಅಂಕಿ ಮಾತಾಡಬೇಕು, ಯಾವುದನ್ನು ಕಳಿಸೋಣ? ಈ ಪ್ರಶ್ನೆ ಮಕ್ಕಳ ತಲೆಯಲ್ಲಿ ಏಳದೆ ಸರಾಸರಿ ಹೇಳಿಕೊಟ್ಟರೆ ಅದು ಬರೀ ಭಾಗಾಕಾರ.

ನಾನು ಬೋರ್ಡ್ ಮೇಲೆ ಒಂದು ಸುಳ್ಳು ಕೇರಿ ಬರೆಯುತ್ತಿದ್ದೆ. ಒಂಬತ್ತು ಮನೆ. ಅವರ ಅಡಿಕೆ ತೋಟ ಎಕರೆಯಲ್ಲಿ 1, 1, 1, 1, 2, 2, 2, 3, 23. ಕೂಡಿಸಿದರೆ 36, ಸರಾಸರಿ 4. ಈಗ ಕೇಳು, ನಾಲ್ಕು ಎಕರೆ ಇರುವವರು ಯಾರು? ಯಾರೂ ಇಲ್ಲ. ಒಂಬತ್ತರಲ್ಲಿ ಎಂಟು ಮನೆ ಸರಾಸರಿಗಿಂತ ಕೆಳಗೆ. ಸಾಲಾಗಿ ನಿಲ್ಲಿಸಿ ನಡುವಿನವರನ್ನು ಕರೆದರೆ ಎರಡು ಎಕರೆ, ಅದು ಮಧ್ಯಾಂಕ. ಜಾಸ್ತಿ ಸಲ ಬಂದದ್ದು ಒಂದು ಎಕರೆ, ಅದು ಬಹುಲಕ. ಅದೇ ಕೇರಿ, ಮೂರು ಉತ್ತರ, ಮೂರೂ ಸರಿ. ಇಡೀ ಕೇರಿಗೆ ಎಷ್ಟು ಗೊಬ್ಬರ ತರಿಸಬೇಕು ಅನ್ನುವವನಿಗೆ ಸರಾಸರಿ ಬೇಕು, ಒಂಬತ್ತರಿಂದ ಗುಣಿಸಿದರೆ ಆಯಿತು. ಈ ಕೇರಿಯವರು ಹೇಗೆ ಬದುಕುತ್ತಾರೆ ಅನ್ನುವವನಿಗೆ ಮಧ್ಯಾಂಕ ಬೇಕು. ಆಮೇಲೆ 23ನ್ನು ಅಳಿಸಿ 50 ಬರೆ. ಸರಾಸರಿ 7ಕ್ಕೆ ಹಾರುತ್ತದೆ. ಮಧ್ಯಾಂಕ ಕೂತ ಜಾಗದಿಂದ ಅಲ್ಲಾಡುವುದಿಲ್ಲ. ಇದನ್ನು ಕಣ್ಣಾರೆ ನೋಡಿದ ಮಗು ಮರೆಯುವುದಿಲ್ಲ.

ಒಂದು ಮಾತು. ಕೇರಿ ಸುಳ್ಳಿನದೇ ಇರಲಿ. "ನಿಮ್ಮ ಮನೆಯಲ್ಲಿ ಎಷ್ಟು ಎಕರೆ" ಅಂತ ಕ್ಲಾಸಿನಲ್ಲಿ ಕೇಳಬೇಡ. ನಾನು ಒಮ್ಮೆ ಕೇಳಿದ್ದೆ. ತೋಟದ ಕೆಲಸಕ್ಕೆ ಹೋಗುವವರ ಮಗ ಎದ್ದು ನಿಂತು ಸೊನ್ನೆ ಅಂದ. ಆ ದಿನದ ಲೆಕ್ಕ ನನಗೆ ಈಗಲೂ ಹಗುರವಾಗಿಲ್ಲ.

ಸರಾಸರಿ ಕಲಿಸಿದ ಮೇಲೆ ಅಲ್ಲಿಗೇ ಬಿಡಬೇಡ. ಒಂದು ಊರಲ್ಲಿ ವಾರವಿಡೀ ದಿನಕ್ಕೆ 20 ಮಿ.ಮೀ. ಮಳೆ. ಇನ್ನೊಂದರಲ್ಲಿ ಆರು ದಿನ ಹನಿಯಿಲ್ಲ, ಏಳನೇ ದಿನ 140. ಎರಡರ ಸರಾಸರಿಯೂ 20. ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಬೇಕು, ಮಳೆ ಹೊಳವಾಗಬೇಕು ಅಂತ ಕಾಯುವವನಿಗೆ ಎರಡನೇ ಊರು ಬೇಕು. ಧರೆಯ (ಕಡಿದಾದ ಮಣ್ಣು ದಿಬ್ಬದ) ಪಕ್ಕ ಮನೆ ಇರುವವನಿಗೆ ಮೊದಲನೆಯದೇ ವಾಸಿ. ವ್ಯಾಪ್ತಿ, ಅಂದರೆ ಅತಿ ದೊಡ್ಡ ಅಂಕಿಗೂ ಅತಿ ಸಣ್ಣ ಅಂಕಿಗೂ ಇರುವ ಅಂತರ, ಯಾಕೆ ಬೇಕು ಅಂತ ಬೇರೆ ಹೇಳಬೇಕಾ? ನಮ್ಮ ಜಿಲ್ಲೆಯನ್ನೇ ನೋಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವುದು ವಾಡಿಕೆ. ಅಲ್ಲಿಂದ 90 ಕಿಲೋಮೀಟರ್ ಆಸುಪಾಸಿನ ಶಿವಮೊಗ್ಗ ಪೇಟೆಯಲ್ಲಿ 1,000 ಕೂಡ ಆಗುವುದಿಲ್ಲ. ಜಿಲ್ಲೆಯ ಸರಾಸರಿ ಮಳೆಗೆ ಕೊಡೆ ಹಿಡಿದು ಹೊರಟರೆ ಆಗುಂಬೆಯವನು ನೆನೆಯುತ್ತಾನೆ, ಶಿವಮೊಗ್ಗದವನು ಸುಮ್ನೆ ಹೊರುತ್ತಾನೆ.

ಇನ್ನು ನನ್ನ ಪೆದ್ದುತನದ ಕಥೆ. ನಿನ್ನ ಅಪ್ಪನಿಗೆ ಗೊತ್ತು, ನಿನಗೆ ಹೇಳಿರಲಿಕ್ಕಿಲ್ಲ. ಒಂದು ವರ್ಷ ತೋಟವನ್ನು ಚೇಣಿಗೆ, ಅಂದರೆ ಮರದ ಮೇಲಿನ ಫಸಲನ್ನು ಹಾಗೇ ಗುತ್ತಿಗೆಗೆ, ಕೊಡೋಣ ಅಂದುಕೊಂಡೆ. ಚೇಣಿಯವನು ಬಂದು, ತೋಟ ಸುತ್ತಿ, ಒಂಬತ್ತು ಕ್ವಿಂಟಾಲ್ ಆಗಬಹುದು ಅಂತ ಅದಕ್ಕೆ ತಕ್ಕ ರೇಟು ಹೇಳಿದ. ನನಗೆ ಅನುಮಾನ. ನಾನು ಗಣಿತದ ಮೇಷ್ಟ್ರು ತಾನೇ? ನಲವತ್ತು ಮರದ ಕೊನೆ (ಅಡಿಕೆ ಗೊಂಚಲು) ಎಣಿಸಿದೆ, ಸರಾಸರಿ ತೆಗೆದೆ, ಒಟ್ಟು ಮರದಿಂದ ಗುಣಿಸಿದೆ. ಹದಿಮೂರು ಕ್ವಿಂಟಾಲ್ ಬಂತು. ಇವನು ಮೋಸ ಮಾಡ್ತಿದಾನೆ ಅಂತ ಕಾಫಿ ಕೊಟ್ಟು ಕಳಿಸಿಬಿಟ್ಟೆ. ನಾನೇ ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ತೂಗಿದರೆ ಎಂಟೂವರೆ.

ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ಮರ. ನಾನು ಎಣಿಸಿದ ನಲವತ್ತೂ ಮನೆ ಪಕ್ಕದವು. ಕೊಟ್ಟಿಗೆ ಗೊಬ್ಬರ ಮೊದಲು ಬೀಳುವುದು ಅವಕ್ಕೇ, ಬಿಸಿಲೂ ಅವಕ್ಕೇ. ಹಳ್ಳದ ಕಡೆ ಕೊಳೆ ರೋಗ ಬಂದು ಅರ್ಧ ಉದುರಿತ್ತು. ಜಿಗಣೆ ಕಾಟಕ್ಕೆ ನಾನು ಆ ಕಡೆ ಇಳಿದೇ ಇರಲಿಲ್ಲ. ಚೇಣಿಯವನು ಎಲ್ಲ ಮೂಲೆಗೂ ಹೋಗಿದ್ದ. ನೆರಳಲ್ಲಿ ಎರಡು, ಹಳ್ಳದ ಬದಿ ಮೂರು, ಹಳೇ ಮರದಲ್ಲಿ ನಾಲ್ಕು ಅಂತ ಅಲ್ಲೊಂದು ಇಲ್ಲೊಂದು ತಲೆ ಎತ್ತಿ ನೋಡಿದ್ದ. ನೋಡಿದ್ದು ನನಗಿಂತ ಕಡಿಮೆ ಮರ. ಅವನು ಸಂಖ್ಯಾಶಾಸ್ತ್ರ ಓದಿದವನಲ್ಲ. ನಾನು ಅದನ್ನು ಪಾಠ ಮಾಡುತ್ತಿದ್ದೆ!

ಎಲ್ಲವನ್ನೂ ಎಣಿಸದೆ ಕೆಲವನ್ನು ಮಾತ್ರ ಆರಿಸಿ ನೋಡುತ್ತೇವಲ್ಲ, ಅದಕ್ಕೆ ಮಾದರಿ ಅನ್ನುವ ಪದ ನಿನ್ನ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದಿರಬಹುದು. ನೀನು ಎರಡು ಪೀರಿಯಡ್ ಕೊಡು. ಶಾಲೆಯ ಮಕ್ಕಳು ಎಷ್ಟು ದೂರದಿಂದ ನಡೆದು ಬರುತ್ತಾರೆ ಅಂತ ಮಕ್ಕಳೇ ಹುಡುಕಲಿ. ಒಂದು ಗುಂಪು ಬೆಲ್ ಹೊಡೆಯುವ ಮೊದಲೇ ಬಂದ ಹತ್ತು ಜನರನ್ನು ಕೇಳಲಿ. ಇನ್ನೊಂದು ಗುಂಪು ಹಾಜರಿ ನಂಬರುಗಳ ಚೀಟಿ ಎತ್ತಿ ಹತ್ತು ಜನರನ್ನು ಕೇಳಲಿ. ಉತ್ತರ ಪಕ್ಕಪಕ್ಕ ಇಟ್ಟು ಅವರನ್ನೇ ವಾದ ಮಾಡಲು ಬಿಡು. ಊರಿಗೆ ಇಳುವರಿ ಅಂದಾಜು ಮಾಡುವ ಬೆಳೆ ಕಟಾವು ಪ್ರಯೋಗದವರು ಬಂದಾಗ ಎರಡನೇ ಗುಂಪಿನ ಹಾಗೇ ಮಾಡುವುದು. ಗದ್ದೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡನ್ನು ಕಣ್ಣಿಗೆ ಚೆಂದ ಕಂಡ ಕಡೆ ಗುರುತು ಹಾಕುವುದಿಲ್ಲ. ಯಾದೃಚ್ಛಿಕ ಸಂಖ್ಯೆ, ಅಂದರೆ ಚೀಟಿ ಎತ್ತಿದ ಹಾಗೆ ಬಂದ ಸಂಖ್ಯೆ, ಹೇಳಿದ ಕಡೆ ಹಾಕುತ್ತಾರೆ. ನಮ್ಮ ದೇಶದಲ್ಲಿ ಇಂಥ ಮಾದರಿ ಸಮೀಕ್ಷೆಗೆ ಅಡಿಪಾಯ ಹಾಕಿದವರು ಪಿ.ಸಿ. ಮಹಾಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದವರು. ಅವರು ಹುಟ್ಟಿದ ಜೂನ್ 29 ನಮ್ಮ ಸಂಖ್ಯಾಶಾಸ್ತ್ರ ದಿನ, ಮುಂದಿನ ವಾರವೇ ಬಂತು. ಅವತ್ತು ಭಾಷಣ ಇಡಬೇಡ, ಹಲಸಿನ ಹಣ್ಣು ಇಡು.

ತಮಾಷೆ ಅಲ್ಲ. ದೊಡ್ಡದೊಂದು ಹಣ್ಣು ಮೇಜಿನ ಮೇಲಿಟ್ಟು ಎಷ್ಟು ಕೆ.ಜಿ. ಅಂತ ಪ್ರತಿಯೊಬ್ಬರಿಂದ ಚೀಟಿಯಲ್ಲಿ ಬರೆಸು. ಬಾಯಲ್ಲಿ ಹೇಳಿಸಿದರೆ ಕೆಡುತ್ತದೆ, ಮೊದಲು ಹೇಳಿದವನ ಹಿಂದೆ ಎಲ್ಲರೂ ಹೋಗುತ್ತಾರೆ. ಚೀಟಿಗಳನ್ನು ಸಾಲಾಗಿ ಜೋಡಿಸಿ ಮಧ್ಯಾಂಕ ತೆಗೆದು, ಆಮೇಲೆ ತೂಗಿ ನೋಡಿ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಜಾನುವಾರು ಮೇಳಕ್ಕೆ ಬಂದ ಜನ ಒಂದು ಎತ್ತಿನ ಮಾಂಸದ ತೂಕವನ್ನು ಹೀಗೇ ಊಹಿಸಿದ್ದರು. ಫ್ರಾನ್ಸಿಸ್ ಗಾಲ್ಟನ್ ಅಂತ ಒಬ್ಬರು ಆ 787 ಚೀಟಿ ತಂದು ಲೆಕ್ಕ ಹಾಕಿದರು. ಮಧ್ಯಾಂಕ 1,207 ಪೌಂಡ್, ನಿಜವಾದ ತೂಕ 1,198. ನಿನ್ನ ಕ್ಲಾಸಿನಲ್ಲಿ ಅಷ್ಟು ಹತ್ತಿರ ಬರದಿದ್ದರೂ ಚಿಂತೆಯಿಲ್ಲ. ಯಾಕೆ ಬರಲಿಲ್ಲ ಅನ್ನುವುದೂ ಒಂದು ಪಾಠ. ತೊಳೆ ಅಂತೂ ಸಿಗುತ್ತದೆ.

ಗ್ರಾಫ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀನು ಚೆನ್ನಾಗಿ ಬಿಡಿಸುತ್ತೀಯ. ಓದುವುದನ್ನೂ ಕಲಿಸು. ರಾಶಿ ಅನ್ನುವ ಬಗೆಯ ಅಡಿಕೆಯ ರೇಟು ಕ್ವಿಂಟಾಲಿಗೆ 48,000 ರೂಪಾಯಿಯಿಂದ 47,000ಕ್ಕೆ ಇಳಿಯಿತು ಅಂತಿಟ್ಟುಕೋ. ನೂರಕ್ಕೆ ಎರಡರಷ್ಟು ಇಳಿಕೆ. ಕಂಬಗಳನ್ನು ಸೊನ್ನೆಯಿಂದ ಎಬ್ಬಿಸದೆ 46,500ರಿಂದ ಎಬ್ಬಿಸಿದರೆ ಎರಡನೇ ಕಂಬ ಮೊದಲನೆಯದರ ಮೂರನೇ ಒಂದು ಪಾಲು ಕಾಣುತ್ತದೆ. ರೇಟು ಜೋಗದ ಗುಂಡಿಗೆ ಬಿದ್ದ ಹಾಗೆ. ವಾಟ್ಸಾಪ್‌ನಲ್ಲಿ ಇಂಥವು ದಿನಾ ಬರುತ್ತವೆ, ನಮ್ಮ ಹಿರಿಯರೇ ನಂಬಿ ಗಾಬರಿಯಾಗುತ್ತಾರೆ. ನಿನ್ನ ದೊಡ್ಡಮ್ಮನೂ ಸೇರಿ.

ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ, ಇದನ್ನೂ ಹೇಳಿಕೊಡು. ಅದಕ್ಕೆ ನಮ್ಮೂರ ಕಡೆಯದೇ ಉದಾಹರಣೆ ಇದೆ. ಚಳಿಗಾಲದಲ್ಲಿ ಮನೆಮನೆಯಲ್ಲೂ ಅಡಿಕೆ ಬೇಯಿಸುವ ಹಂಡೆ ಉರಿಯುತ್ತದೆ. ಅದೇ ಹೊತ್ತಿಗೆ ಮಂಗನ ಕಾಯಿಲೆಯ ಸುದ್ದಿಯೂ ಶುರುವಾಗುತ್ತದೆ. ಹಂಡೆ ಹೊಗೆಯಿಂದ ಕಾಯಿಲೆ ಬಂತು ಅನ್ನೋಣವೇ? ಮಕ್ಕಳು ನಗುತ್ತಾರೆ. ಹಾಗಾದರೆ ಯಾಕೆ ಅಂತ ಕೇಳು. ಮಳೆ ನಿಂತು ಕಾಡು ಒಣಗಿದ ಮೇಲೆ ಈ ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಮರಿಗಳು ಜಾಸ್ತಿ, ತರಗೆಲೆ, ಸೌದೆ ಅಂತ ಜನ ಕಾಡಿಗೆ ಹೋಗುವುದೂ ಜಾಸ್ತಿ. ಹಂಡೆ ಮತ್ತು ಕಾಯಿಲೆ ಎರಡರ ಹಿಂದೆಯೂ ಇರುವುದು ಋತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದು. ಸತ್ತ ಮಂಗಗಳನ್ನೂ ಜ್ವರ ಬಂದ ಜನರನ್ನೂ ಜೊತೆಗಿಟ್ಟು ನೋಡಿ, ಅಲ್ಲಿಗೇ ನಿಲ್ಲದೆ ವೈರಸ್ಸನ್ನೂ ಉಣುಗನ್ನೂ ಹುಡುಕಿದ್ದರಿಂದ ದಾರಿ ಸಿಕ್ಕಿತು. ಮಂಗನಿಂದಲೇ ಅಂತ ಕೂತಿದ್ದರೆ ಉಣುಗು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸಮಯ ಉಳಿದರೆ ಸಿ.ಆರ್. ರಾವ್ ಬಗ್ಗೆ ಹೇಳು. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದಿದ್ದು 2023ರಲ್ಲಿ, 102ನೇ ವಯಸ್ಸಿನಲ್ಲಿ. ಎಲ್ಲ ಫಲವೂ ಮಾರ್ಚ್ ಪರೀಕ್ಷೆಯಲ್ಲೇ ಬರಬೇಕು ಅನ್ನುವ ಹೆಡ್ ಮೇಷ್ಟ್ರಿಗೂ ಇದನ್ನು ಹೇಳಬಹುದು, ನಿನಗೆ ಧೈರ್ಯ ಇದ್ದರೆ.

ದೊಡ್ಡಮ್ಮ ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿ ಇಟ್ಟಿದ್ದಾಳೆ, ಸಾಗರದ ಬಸ್ಸಿಗೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಜಾಡಿ ಖಾಲಿಯಾದ ಮೇಲೆ ಮಳೆ ಅಳೆಯಲು ಇಟ್ಟುಕೋಬೇಡ, ಅದರ ಬಾಯಿ ಹೊಟ್ಟೆಗಿಂತ ಸಣ್ಣದು, ಅಳತೆ ಕೆಡುತ್ತದೆ. ಇವತ್ತು ಎಂಟೂವರೆಗೆ ನಮ್ಮಲ್ಲಿ 62 ಮಿ.ಮೀ. ನಿಮ್ಮಲ್ಲಿ ಎಷ್ಟು?

ನಿನ್ನ ದೊಡ್ಡಪ್ಪ