ಹೊಲದ ಹೆಸರು ಹಣ್ಣಿನೊಂದಿಗೆ ಹೋಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುರವಣಿಯಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಕೆಂಪು ವೈನಿನ ಕುರಿತು ಬಂದ ಲೇಖನವನ್ನು ಕುಷ್ಟಗಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರನಾದ ನಾನು ಎರಡು ಸಲ ಓದಿದೆ. ಆ ವೈನಿನ ಖ್ಯಾತಿಗೆ ತಂಪು ಹವೆಯೊಂದೇ ಕಾರಣವೆಂಬ ಮಾತನ್ನು ಒಪ್ಪಲಾಗದು. ಡಿಜಾನ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಚಾಚಿರುವ ಕೋಟ್ ದೋರ್ ಇಳಿಜಾರಿನಲ್ಲಿ ಹವೆ ಹೆಚ್ಚುಕಡಿಮೆ ಒಂದೇ, ಕೆಂಪು ವೈನಿಗೆ ಬಳಸುವ ತಳಿಯೂ ಬಹುತೇಕ ಪಿನೊ ನ್ವಾರ್ ಒಂದೇ. ಆದರೂ ಬದುವಿನ ಆಚೆಗೊಂದು ಬೆಲೆ, ಈಚೆಗೊಂದು ಬೆಲೆ. ಅಲ್ಲಿನವರು ಪ್ರತಿ ತುಂಡು ಹೊಲದ ಮಣ್ಣನ್ನು ಗುರುತಿಸಿ, ಅದಕ್ಕೊಂದು ಹೆಸರಿಟ್ಟು, ನೂರಾರು ವರ್ಷ ಆ ಹೆಸರನ್ನು ಕಾಪಾಡಿಕೊಂಡಿದ್ದಾರೆ. 'ಕ್ಲಿಮಾ' ಎಂದು ಕರೆಯುವ ಅಂಥ 1,247 ಹೊಲಗಳು 2015ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅವುಗಳಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಕಲ್ಲುಗೋಡೆ ಕಟ್ಟಿ ಬೆಳೆಸಿದ ಕ್ಲೋ ದ ವೂಜೋ ತೋಟ ನಮ್ಮ ಕಡೆಯ ಜಮೀನಿನಂತೆಯೇ ಪಾಲಾಗಿ ಹೋಗಿದೆ: ಸುಮಾರು 50 ಹೆಕ್ಟೇರಿಗೆ ಎಂಬತ್ತರಷ್ಟು ಒಡೆಯರು. ಮೇಲ್ಭಾಗದಲ್ಲಿ ಸುಣ್ಣಕಲ್ಲಿನ ಮೇಲೆ ತೆಳು ಮಣ್ಣು, ನೀರು ನಿಲ್ಲುವುದಿಲ್ಲ. ಕೆಳಗೆ ಹೆದ್ದಾರಿಯ ಬದಿಗೆ ನೀರು ಹಿಡಿಯುವ ಜಿಗುಟು ಮಣ್ಣು. ಎಲ್ಲ ಬಾಟಲಿಯ ಮೇಲೂ ಒಂದೇ ಹೆಸರು, ಒಂದೇ ದರ್ಜೆ ಇದ್ದರೂ, ಬಲ್ಲವರು ಯಾರ ಪಾಲು ಎಲ್ಲಿದೆಯೆಂದು ವಿಚಾರಿಸಿಯೇ ಕೊಳ್ಳುತ್ತಾರೆ.

ನನ್ನದು ನಾಲ್ಕು ಎಕರೆ. ಗರಸು ಬೆರೆತ ಮಸಾರಿಯ, ಅಂದರೆ ಕೆಂಪು ಮಣ್ಣಿನ, ಮೇಲಿನ ಎರಡು ಎಕರೆಗೆ ನಮ್ಮಪ್ಪ 'ಮಡ್ಡಿ ಹೊಲ' ಎನ್ನುತ್ತಿದ್ದರು, ಕೆಳಗಿನ ಎರೆಗೆ, ಅಂದರೆ ಕಪ್ಪು ಮಣ್ಣಿಗೆ, 'ಹಳ್ಳದ ಹೊಲ'. ಎರಡಕ್ಕೂ ಕಸಿ ಕಟ್ಟಿದ್ದು ಅದೇ ಡಾಗ್ರಿಡ್ಜ್ ಬೇರಿನ ಮೇಲೆ, ಬಳ್ಳಿ ಸವರುವುದೂ ಅದೇ ಅಕ್ಟೋಬರ್ ಚಾಟನಿಯಲ್ಲಿ. ಆದರೂ ಮಡ್ಡಿಯ ಗೊನೆ ವಾರ ಮೊದಲೇ ಹಣ್ಣಾಗುತ್ತದೆ. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಕಚ್ಚಿದರೆ ಸಿಹಿಯ ಹಿಂದೆಯೇ ತುಸು ಹುಳಿ. ಹಳ್ಳದ ಹಣ್ಣು ದಪ್ಪ, ಆದರೆ ನೀರು ನೀರು. ಹೋದ ಹಂಗಾಮಿನಲ್ಲಿ ವ್ಯಾಪಾರಿಯೊಬ್ಬರು ನನ್ನ ಕಣ್ಣೆದುರೇ ಎರಡನ್ನೂ ಒಂದೇ ಕ್ರೇಟಿಗೆ ಸುರಿದು ಒಂದೇ ದರ ಕಟ್ಟಿದರು. ನಮ್ಮದು ತಿನ್ನುವ ಹಣ್ಣು, ವೈನಿನ ತಳಿಯಲ್ಲ, ನಿಜ. ಆದರೆ ಮಣ್ಣಿನ ಗುಣ ನಾಲಿಗೆಗೆ ತಿಳಿಯುವುದಕ್ಕೆ ವೈನೇ ಆಗಬೇಕಿಲ್ಲ.

ಫ್ರಾನ್ಸ್ 1935ರಲ್ಲೇ ಊರು-ಹೊಲಗಳ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ನಮ್ಮ ಪಹಣಿಯಲ್ಲಿರುವುದು ಸರ್ವೆ ನಂಬರ್ ಮಾತ್ರ. ಹೊಲದ ಹೆಸರು ಹಿರಿಯರ ಬಾಯಲ್ಲಷ್ಟೇ ಉಳಿದಿದೆ. ಕಿನ್ನಾಳದ ಗೊಂಬೆಗೆ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ಈ ಜಿಲ್ಲೆಯಲ್ಲಿ, ತೋಟಗಾರಿಕೆ ಇಲಾಖೆಯು ಮಣ್ಣು ಪರೀಕ್ಷೆಯ ಚೀಟಿಯ ಮೇಲೆ ಹೊಲದ ಹೆಸರನ್ನೂ ಬರೆಯಲಿ. ಬೆಳೆಗಾರರ ಸಂಘಗಳು ಬರುವ ಹಂಗಾಮಿನಿಂದಲೇ ಮಸಾರಿಯ ಹಣ್ಣಿಗೂ ಎರೆಯ ಹಣ್ಣಿಗೂ ಬೇರೆ ಬೇರೆ ಕ್ರೇಟ್ ಇಡಲಿ.

– ದ್ರಾಕ್ಷಿ ಬೆಳೆಗಾರ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ